ದಾರದ ಅಳತೆ

...ಅಥವಾ ಅದು ಬಲಗೈ ಹೆಬ್ಬೆರಳಿರಬಹುದು. ಮಿಷನ್ನಿನ ಸೂಜಿ ಹೊಕ್ಕು ಉಗುರು ಉದ್ದಕ್ಕೆ ಸೀಳಿದ್ದು ನಿಜ. ಯಾವ ಕೈ ಎಂದು ಈಗ ಆಣೆ ಮಾಡಲಾರೆ. ಆ ಸೀಳಿಗೆ ದಾರ ಸಿಕ್ಕಿಸಿಕೊಂಡು ಅಳತೆ ಓದುತ್ತಿದ್ದರು, ಭಟ್ಕಳದ ನನ್ನ ಮೊಬೈಲ್ ಅಂಗಡಿಯ ಪಕ್ಕದ ದರ್ಜಿ ಸಾಹೇಬರು.

ಅವರು ಬುರ್ಖಾ ಹೊಲಿಯುತ್ತಿದ್ದುದು ತಾವು ಎಂದೂ ನೋಡದ ಹೆಂಗಸರಿಗೆ. ಮನೆಗಳಿಂದ ಗಂಟು ಹಾಕಿದ ದಾರ ಬರುತ್ತಿತ್ತು: ಒಂದು ಗಂಟಿಗೆ ಭುಜ, ಇನ್ನೊಂದಕ್ಕೆ ತೋಳು, ಮತ್ತೊಂದಕ್ಕೆ ಸುತ್ತಳತೆ. ಹೊಲಿದಾದ ಮೇಲೆ ಗಂಟು ಬಿಚ್ಚಿ ದಾರ ವಾಪಸು ಕೊಡುವರು; ಪರರ ಮನೆಯ ಹೆಣ್ಣಿನ ಅಳತೆ ತನ್ನಲ್ಲಿ ಉಳಿಯಬಾರದು. ಆದರೂ ಬೆರಳಿಗೆ ನೆನಪಿರುತ್ತಿತ್ತು. ಈ ಮನೆಯಲ್ಲಿ ಯಾರೋ ಊಟ ಬಿಟ್ಟಿದ್ದಾರೆ ಎಂದು ಒಮ್ಮೆ ಮೆಲ್ಲಗೆ ಹೇಳಿದ್ದರು. "ದಾರ ಸುಳ್ಳು ಹೇಳೂದಿಲ್ಲ."

ಆಮೇಲೆ ದುಬೈ ರೆಡಿಮೇಡ್ ಬಂತು. ಊರಿನ ಹೆಂಗಸರೆಲ್ಲ ಮೂರು ಸೈಜಿಗೆ ಇಳಿದರು. ಸಾಹೇಬರಿಗೆ ಉಳಿದದ್ದು ಅವುಗಳ ಅಂಚು ಮಡಚುವ ಕೆಲಸ. ದುಬೈಯಿಂದ ರಜೆಗೆ ಬಂದವನೊಬ್ಬ, ಇದೇ ಸರಿಯಾದ ಇಸ್ಲಾಮೀ ಉಡುಪು, ನಿಮ್ಮದು ಹಳೇ ಊರಿನ ಚಾಳಿ ಎಂದು ಪಾಠ ಹೇಳಿದ. ಸಾಹೇಬರು ಆ ರೆಡಿಮೇಡಿನ ಕತ್ತಿನ ಚೀಟಿ ತಿರುಗಿಸಿದರು. ಚೀನಾದ್ದು.

"ನನ್ನ ಕತ್ತರಿ ಸಾಕಷ್ಟು ಮುಸಲ್ಮಾನ ಅಲ್ವಂತೆ ಮಾರಾಯ. ಚೀನಾದ ಮಿಷನ್ ನಮಾಜು ಮಾಡ್ತದೆ ಕಾಣ್ತದೆ."

ನಾನು ನಕ್ಕೆ. ಅವರು ನಗಲಿಲ್ಲವೆಂದು ನೆನಪು.

ದುಬೈಯಲ್ಲಿದ್ದ ಮೊಮ್ಮಗಳಿಗೆ ಮದುವೆ ನಿಶ್ಚಯವಾಯಿತು. ಅವಳು ಗಂಡನ ಮನೆಗೆ ಹೊರಡುವಾಗ ತೊಡುವ ಬುರ್ಖಾ ತಾನೇ ಹೊಲಿಯಬೇಕೆಂದು ಸಾಹೇಬರು ಹಟ ಹಿಡಿದರು. ಹುಡುಗಿಯ ತಾಯಿ, ಸಾಹೇಬರ ಮಗಳು, ನನ್ನ ಫೋನಿಗೆ ಅಳತೆಯ ಇಂಚುಗಳನ್ನು ಬರೆದು ಕಳಿಸಿದಳು.

"ಇಂಚು ಎಂತಕ್ಕೆ? ದಾರ ಕಳಸೂಕೆ ಹೇಳು."

ಊರಿಗೆ ಬರುವವರ ಕೈಯಲ್ಲಿ ದಾರ ಬಂತು. ಬಟ್ಟೆಗೆ ಕತ್ತರಿ ಬೀಳುವ ಮೊದಲೇ ಫೋನಿನಲ್ಲಿ ಮಗಳ ದನಿ ಸಂದೇಶವೂ ಬಂತು, ನನಗೆ ಮಾತ್ರ: "ಅಣ್ಣಾ, ಗಂಡಿನವರು ಇಲ್ಲಿನ ಶಾಪಿಂಗ್ ಮಾಲಿಂದ ಬುರ್ಖಾ ತಂದಾಯ್ತು. ಅಬ್ಬಾನಿಗೆ ಹೇಳ್ಬೇಡಿ. ಹೊಲೀಲಿ, ಖುಷಿಯಲ್ಲಿರ್ತಾರೆ."

ನಾನು ಹೇಳಲಿಲ್ಲ. ಗೋಡೆಯಾಚೆ ಮಿಷನ್ ಓಡುವುದನ್ನು ಕೇಳುತ್ತ ಫೋನುಗಳಿಗೆ ಗಾಜು ಅಂಟಿಸಿದೆ. ಹೊಲಿದು ಮುಗಿಸಿ ಕರೆದು ತೋರಿಸಿದರು. ಲಾಯಕ್ಕಾಗಿದೆ ಎಂದೆ. "ಆತು" ಎಂದರು, ಅಷ್ಟೇ. ಬುರ್ಖಾ ದುಬೈಗೆ ಹೊರಟವರ ಕೈಯಲ್ಲಿ ಹೋಯಿತು. ಆ ಸಲ ಅವರು ದಾರದ ಗಂಟು ಬಿಚ್ಚಲಿಲ್ಲ.

ಮದುವೆಯ ನಂತರವೂ ದಿನಾ ಇಳಿಹೊತ್ತಿನ ಅಸರ್ ನಮಾಜು ಮುಗಿಸಿ ನನ್ನ ಅಂಗಡಿಯಲ್ಲಿ ಕೂರುತ್ತಿದ್ದರು. ಮೊಮ್ಮಗಳು ಮಾಲಿನ ಬುರ್ಖಾ ತೊಟ್ಟು ಕಾರು ಹತ್ತುವ ಫೋಟೋ, ಅಬ್ಬಾ ಕೇಳಿದರೆ ಮಾತ್ರ ತೋರಿಸಿ ಎಂದು ಬಂದದ್ದು, ನನ್ನ ಫೋನಿನಲ್ಲೇ ಇತ್ತು. ಅವರು ಕೇಳಲಿಲ್ಲ. ಮಳೆ ಹಿಡಿಯುವ ಮೊದಲು ತೀರಿಕೊಂಡರು. ಮಿಷನ್ನಿನ ಖಾನೆಯಲ್ಲಿ ದಾರ ಸಿಕ್ಕಿತು, ಮೂರೂ ಗಂಟುಗಳೊಂದಿಗೆ.

ಮೊಮ್ಮಗಳು ಅದನ್ನು ತೊಡುವುದಿಲ್ಲವೆಂದು ಅವರಿಗೆ ಮೊದಲೇ ಗೊತ್ತಿತ್ತೇ? ನನಗೆ ತಿಳಿಯದು. ಅವರು ಹೊಲಿದ ಬುರ್ಖಾ ಈಗ ಎಲ್ಲಿದೆ ಎಂಬುದೂ ತಿಳಿಯದು.