ಕೂತ್ಕೊ ಮೇಡಂ

ಬಾಗಿಲ ಮೇಲಿನ ಬೋರ್ಡಿನಲ್ಲಿ ಅವರ ಹೆಸರಿತ್ತು, ಹೆಸರಿನ ಬಾಲಕ್ಕೆ ಡಿಗ್ರಿಗಳಿದ್ದವು, ಕೆಳಗೆ ‘ಮುಖ್ಯಸ್ಥೆ, ಮೊದಲ ಹೆಜ್ಜೆ’ ಎಂದೂ ಇತ್ತು. ಅದನ್ನು ಓದುವ ಕಷ್ಟ ಯಾರೂ ತೆಗೆದುಕೊಳ್ಳುತ್ತಿರಲಿಲ್ಲ. ಪ್ರಿನ್ಸಿಪಾಲರಿಂದ ಹಿಡಿದು ಕ್ಯಾಂಟೀನಿನಲ್ಲಿ ಲೋಟ ತೊಳೆಯುವವಳವರೆಗೆ ಇಡೀ ಕಾಲೇಜಿಗೆ ಅವರು ಕೂತ್ಕೊ ಮೇಡಂ. ಕೂತ್ಕೊ, ಕೂತ್ಕೊ ಅನ್ನುವ ಮೇಡಂ ಎಂದು ಅರ್ಥ. ಯಾವನೋ ತರಲೆ ವಿದ್ಯಾರ್ಥಿ ಇಟ್ಟ ಹೆಸರಿರಬೇಕು. ಅದು ಮೇಡಂ ಕಿವಿಗೂ ಬಿದ್ದಿತ್ತು, ಒಳಗೊಳಗೇ ಅವರಿಗೆ ಖುಷಿಯೂ ಆಗಿತ್ತು.

ಮೊದಲ ಹೆಜ್ಜೆ ಅಂದರೆ, ಮನೆಯಲ್ಲಿ ಈವರೆಗೆ ಒಬ್ಬರೂ ಕಾಲೇಜಿನ ಮೆಟ್ಟಿಲು ಹತ್ತದ ಕುಟುಂಬಗಳ ಮಕ್ಕಳಿಗಾಗಿ ಕಾಲೇಜು ನಡೆಸುತ್ತಿದ್ದ ಕಾರ್ಯಕ್ರಮ. ಲಾರಿ ಓಡಿಸುವವರ ಮಕ್ಕಳು, ದರ್ಜಿಗಳ ಮಕ್ಕಳು, ಕಾವಲುಗಾರರ ಮಕ್ಕಳು, ಮನೆಗೆಲಸದವರ ಮಕ್ಕಳು. ಪಾಠ ತಲೆಗೆ ಹತ್ತದಿದ್ದರೆ ಯಾರನ್ನು ಕೇಳಬೇಕು, ಕಂಪನಿಯವರ ಹತ್ತಿರ ಫೋನಿನಲ್ಲಿ ಹೇಗೆ ಮಾತಾಡಬೇಕು, ಸಂದರ್ಶನದಲ್ಲಿ ಕೈ ಎಲ್ಲಿಟ್ಟುಕೊಳ್ಳಬೇಕು, ಇಷ್ಟನ್ನೂ ಕಲಿಸಿ ಅವರನ್ನು ಒಂದು ಕೆಲಸಕ್ಕೆ ಹಚ್ಚಬೇಕು. ಕೆಲಸ ದೊಡ್ಡದು, ಕೊಟ್ಟ ಕೋಣೆ ಸಣ್ಣದು. ಮೆಟ್ಟಿಲ ಕೆಳಗಿನ ಆ ಕೋಣೆ ಹಿಂದೆ ಆಟದ ಸಾಮಾನಿನ ಉಗ್ರಾಣವಾಗಿತ್ತು. ರಬ್ಬರ್ ಚಾಪೆಯ ವಾಸನೆ ಇನ್ನೂ ಬಿಟ್ಟಿರಲಿಲ್ಲ, ಬ್ಯಾಟು ನೇತುಹಾಕುತ್ತಿದ್ದ ಕೊಕ್ಕೆಗಳು ಗೋಡೆಯಲ್ಲಿ ಹಾಗೇ ಇದ್ದವು. ಬಾಗಿಲಿಗೆ ಸ್ಪ್ರಿಂಗ್ ಹಾಕಿತ್ತು. ಯಾರು ಒಳಗೆ ಬಂದರೂ ಅವರ ಬೆನ್ನ ಹಿಂದೆ ಅದು ಧಡ್ ಎಂದು ಹೊಡೆದುಕೊಳ್ಳುತ್ತಿತ್ತು.

ಆ ಸದ್ದಾದರೆ ಸಾಕು, ಹೊಸದಾಗಿ ಸೇರಿದ ಮಕ್ಕಳೆಲ್ಲ ದಡಬಡಿಸಿ ಎದ್ದು ನಿಲ್ಲುತ್ತಿದ್ದರು. ಬಂದವರು ಪ್ರಿನ್ಸಿಪಾಲರೋ, ಗುಮಾಸ್ತರೋ, ದಾರಿ ತಪ್ಪಿ ಬಂದ ಪ್ಲಂಬರನೋ ಎಂದೂ ನೋಡುತ್ತಿರಲಿಲ್ಲ. ಮೇಡಂ ಇದನ್ನು ಏಳೋ ರೋಗ ಎಂದು ಕರೆಯುತ್ತಿದ್ದರು. ಲೆಕ್ಕ, ಇಂಗ್ಲಿಷ್, ಕಂಪ್ಯೂಟರ್ ಎಲ್ಲ ಆಮೇಲೆ. ಮೊದಲು ಈ ರೋಗ ಬಿಡಿಸಬೇಕು ಎಂದು ಅವರು ಪಣ ತೊಟ್ಟವರಂತೆ ನಿಂತಿದ್ದರು.

“ಯಾಕೆ ಎದ್ದೆ?”

“ಹಂಗೇ, ಮೇಡಂ.”

“ಹಂಗೇ ಅಂದ್ರೆ? ಕುರ್ಚಿಲಿ ಮುಳ್ಳಿತ್ತಾ? ನಿಂತ್ಕೊಳೋದು ಅಷ್ಟು ಇಷ್ಟ ಅಂದ್ರೆ ನಿಂತೇ ಇರು.”

ಎದ್ದವರು ತರಗತಿ ಮುಗಿಯುವವರೆಗೂ ನಿಂತೇ ಇರಬೇಕಿತ್ತು. ಅಷ್ಟಕ್ಕೇ ಬಿಡುತ್ತಿರಲಿಲ್ಲ. ಅವರು ಏಳುವ ರೀತಿಯನ್ನು ಮೇಡಂ ನಟಿಸಿ ತೋರಿಸುತ್ತಿದ್ದರು: ಬೆನ್ನು ಬಗ್ಗಿಸಿ, ಕೈ ಕಟ್ಟಿ, ಕಣ್ಣು ನೆಲಕ್ಕೆ ಹಾಕಿ. ನಟನೆ ಎಷ್ಟು ಚೆನ್ನಾಗಿತ್ತೆಂದರೆ ಉಳಿದವರು ಬಿದ್ದು ಬಿದ್ದು ನಗುತ್ತಿದ್ದರು. ಹಾಗೆ ನಿಂತಿದ್ದ ದರ್ಜಿಯ ಮಗನೊಬ್ಬ ಒಂದು ದಿನ ಅಲ್ಲೇ ಕಣ್ಣೀರು ಹಾಕಿದ, ಮಾರನೆಯ ದಿನದಿಂದ ಬರಲಿಲ್ಲ. ಮೇಡಂ ಅವನನ್ನು ಹುಡುಕಿಸಲಿಲ್ಲ. ಜೊಳ್ಳು ತೂರಿಹೋಯಿತು ಅಂದರು.

ಮಕ್ಕಳಿಗೆ ಅಭ್ಯಾಸವಾಗಲಿ ಎಂದು ಕಾಲೇಜಿನ ಅಟೆಂಡರನಿಗೆ ಒಂದು ಕೆಲಸ ಹಚ್ಚಿದ್ದರು. ಪಾಠದ ನಡುವೆ ಯಾವಾಗ ಬೇಕಾದರೂ ಅವನು ಬಾಗಿಲು ನೂಕಿಕೊಂಡು ಒಳಗೆ ಬರಬೇಕು. ಒಮ್ಮೆ ಕೋಟು ಹಾಕಿಕೊಂಡು, ಒಮ್ಮೆ ನೀರಿನ ಜಗ್ಗು ಹಿಡಿದುಕೊಂಡು. ಅವನಿಗೂ ಇದೊಂದು ಮೋಜು.

“ಮೇಡಂ, ಇವತ್ತು ನಾನ್ಯಾರು? ಮ್ಯಾನೇಜರೋ, ಮಂತ್ರಿಯೋ?”

“ಯಾರಾದ್ರೂ ಆಗಿರು. ಇವರು ಏಳಬಾರದು ಅಷ್ಟೇ.”

ಈ ಹಟಕ್ಕೆ ಕಾರಣ ಮೇಡಂ ಮನೆಯಲ್ಲೇ ಸೋಫಾದ ಮೇಲೆ ಕೂತಿರುತ್ತಿತ್ತು. ಅವರ ಅಮ್ಮ. ಜೀವನವೆಲ್ಲ ಆಸ್ಪತ್ರೆಯಲ್ಲಿ ಆಯಾ ಆಗಿ ನೆಲ ಒರೆಸಿ, ಬೆಡ್‌ಪ್ಯಾನ್ ತೊಳೆದು ಮಗಳನ್ನು ಓದಿಸಿದ ಹೆಂಗಸು. ಡಾಕ್ಟರ ಬೂಟಿನ ಸದ್ದು ಕೇಳಿದರೆ ಏಳಬೇಕು ಅನ್ನುವುದು ಅವಳ ಮೂಳೆಗೆ ಇಳಿದುಬಿಟ್ಟಿತ್ತು. ಸ್ಟೂಲಿನ ಮೇಲೆ ಕೂತು ಬರೆಯುತ್ತಿದ್ದ ಮಗಳನ್ನೂ ಕಂಕುಳಿಗೆ ಕೈಹಾಕಿ, “ಏಳೇ, ದೊಡ್ಡೋರು ಬಂದ್ರು” ಎಂದು ಎಬ್ಬಿಸುತ್ತಿದ್ದಳು. ಮಗಳು ಓದಿದಳು, ಮೊದಲ ಸಂದರ್ಶನಕ್ಕೆ ಹೋದಳು. ನಡುವೆ ಒಬ್ಬ ಮುದುಕ ನೀರಿನ ಗ್ಲಾಸುಗಳನ್ನು ತಂದಾಗ ತಟ್ಟನೆ ಎದ್ದು ನಿಂತುಬಿಟ್ಟಳು. ಮೇಜಿನ ಆಚೆಯವರು ಮುಖ ಮುಖ ನೋಡಿಕೊಂಡರು, ಒಬ್ಬ ನಕ್ಕ. ಕೆಲಸ ಸಿಗಲಿಲ್ಲ. ಸಿಗದಿರಲು ಬೇರೆ ಕಾರಣಗಳೂ ಇದ್ದಿರಬಹುದು. ಆದರೆ ಎದ್ದದ್ದೇ ತಪ್ಪು ಎಂದು ಅವತ್ತು ಮೇಡಂ ತೀರ್ಮಾನಿಸಿದ್ದು, ತಲೆ ನರೆತರೂ ಬದಲಾಗಲಿಲ್ಲ.

ಈಗ ಅಮ್ಮನಿಗೆ ಮಂಡಿ ಸವೆದುಹೋಗಿತ್ತು. ಆದರೂ ಸಂಜೆ ಬಾಗಿಲಲ್ಲಿ ಕೀಲಿ ತಿರುಗಿದ ಸದ್ದಿಗೆ, ಸೋಫಾದ ಕೈ ಹಿಡಿದು, ಉಸ್ಸೆನ್ನುತ್ತಾ, ಮಗಳಿಗಾಗಿ ಎದ್ದು ನಿಲ್ಲುತ್ತಿದ್ದಳು. ಮಗಳು ಈಗ ದೊಡ್ಡೋರು ತಾನೆ. ಮೇಡಂಗೆ ಮೈಯೆಲ್ಲ ಉರಿದುಹೋಗುತ್ತಿತ್ತು. “ಕೂತ್ಕೊ” ಎಂದು ಗದರುತ್ತಿದ್ದರು. ಅಮ್ಮ ನಗುತ್ತಿದ್ದಳು, ಮಗಳು ಕೂತ ಮೇಲೆಯೇ ಕೂರುತ್ತಿದ್ದಳು. ಮನೆಯಲ್ಲಿ ಸೋತದ್ದನ್ನು ಮೇಡಂ ಮೆಟ್ಟಿಲ ಕೆಳಗಿನ ಕೋಣೆಯಲ್ಲಿ ಗೆಲ್ಲುತ್ತಿದ್ದರು.

ಅಲ್ಲಿ ಅವರ ದೊಡ್ಡ ಗೆಲುವು ಪಂಕ್ಚರ್ ಅಂಗಡಿಯವನ ಮಗಳು. ಬಸ್ ನಿಲ್ದಾಣದ ಪಕ್ಕದ ಗೋಡೆಗೆ ತಗಡು ಒರಗಿಸಿಕೊಂಡು ಅವಳ ಅಪ್ಪ ಪಂಕ್ಚರ್ ಹಾಕುತ್ತಿದ್ದ. ಸೇರಿದಾಗ ಇವಳಷ್ಟು ಜೋರಾಗಿ ಏಳುವವರು ಇನ್ನೊಬ್ಬರಿರಲಿಲ್ಲ. ಕುರ್ಚಿಯೇ ಹಿಂದಕ್ಕೆ ಬೀಳುತ್ತಿತ್ತು. ಇಡೀ ಒಂದು ಟರ್ಮ್ ಅವಳು ನಿಂತೇ ಪಾಠ ಕೇಳಿದಳು. ಅಳಲಿಲ್ಲ, ತಪ್ಪಿಸಲಿಲ್ಲ. ಆಮೇಲೆ ಒಂದು ದಿನ ಅಟೆಂಡರ್ ಬಂದ, ಅವಳು ಏಳಲಿಲ್ಲ. ಪ್ರಿನ್ಸಿಪಾಲರು ಬಂದರು, ಏಳಲಿಲ್ಲ. ಬೆನ್ನು ನೇರ, ಕೈ ತೊಡೆಯ ಮೇಲೆ, ಕಣ್ಣು ಬಂದವರ ಕಣ್ಣಲ್ಲಿ. ಮೇಡಂ ಎಲ್ಲರೆದುರು ಚಪ್ಪಾಳೆ ತಟ್ಟಿದರು. ಅವಳನ್ನು ತಲೆಯ ಮೇಲೆ ಕೂರಿಸಿಕೊಂಡರು ಅಂದರೂ ಸರಿಯೇ.

ಒಮ್ಮೆ ಅವಳ ಅಪ್ಪ ಕಾಲೇಜಿಗೆ ಬಂದ. ಎಷ್ಟು ಹೇಳಿದರೂ ಕೂರಲಿಲ್ಲ. ಉಗುರಿನ ಸಂದಿಯ ಕಪ್ಪನ್ನು ಮುಚ್ಚಿಕೊಳ್ಳಲು ಬೆರಳು ಮಡಚಿಕೊಂಡು ನಿಂತಿದ್ದ.

“ಒಂದು ಮಾತು, ಮೇಡಂ. ಮಗಳು ಈಗ ಮನೇಗೆ ಯಾರು ಬಂದ್ರೂ ಏಳಲ್ಲ. ಮೊನ್ನೆ ನಮ್ಮಪ್ಪ ಬಂದ್ರು. ವಯಸ್ಸಾದೋರು. ಇವಳು ಕೂತೇ ಮಾತಾಡಿಸಿದ್ಲು. ಅವರು ಊಟಾನೂ ಮಾಡದೆ ಹೋದ್ರು.”

“ಒಳ್ಳೇದೇ ಆಯ್ತು,” ಅಂದರು ಮೇಡಂ.

“ಹಂಗಲ್ಲ, ಮೇಡಂ. ಎಲ್ಲಿ ಏಳಬೇಕು ಎಲ್ಲಿ ಬೇಡ ಅಂತ ಸ್ವಲ್ಪ...”

“ನೀವು ಏಳೋದು ಕಲಿಸಿದ್ರಿ. ಅದನ್ನ ಬಿಡಿಸೋಕೆ ನನಗೆ ಇಡೀ ಒಂದು ಟರ್ಮ್ ಹಿಡೀತು. ಈಗ ಮತ್ತೆ ಕಲಿಸೋಕೆ ಬಂದಿದ್ದೀರಾ? ಅವಳೂ ಗೋಡೆ ಪಕ್ಕ ಕೂತು ಟ್ಯೂಬ್ ಉಜ್ಜಬೇಕಾ?”

ಅವನು ಬೆರಳು ಇನ್ನಷ್ಟು ಮಡಚಿಕೊಂಡು ಹೊರಟುಹೋದ. ಮಗಳು ಅಲ್ಲೇ ಕುರ್ಚಿಯಲ್ಲಿದ್ದಳು. ಅಪ್ಪ ಬಂದಾಗಲೂ ಎದ್ದಿರಲಿಲ್ಲ, ಹೋಗುವಾಗಲೂ ಏಳಲಿಲ್ಲ. ಮುಖ ಮಾತ್ರ ಬಿಳಿಚಿಕೊಂಡಿತ್ತು. ಮೇಡಂ ಅದನ್ನು ನೋಡಿದರು. ನೋಡಿ, ಹುಡುಗಿ ಗಟ್ಟಿಯಾಗಿದ್ದಾಳೆ ಅಂದುಕೊಂಡರು.

ಆ ವರ್ಷ ಒಂದು ದೊಡ್ಡ ವಿಮಾ ಕಂಪನಿ ಕಿರಿಯ ಅಧಿಕಾರಿಗಳನ್ನು ಆರಿಸಲು ಕಾಲೇಜಿಗೆ ಬಂತು. ಮೇಡಂ ಈವರೆಗೆ ಕಳಿಸಿದವರೆಲ್ಲ ಗುಮಾಸ್ತರಾಗಿದ್ದರು, ಅಂಗಡಿ ಕೌಂಟರುಗಳಲ್ಲಿ ನಿಂತಿದ್ದರು. ಅಧಿಕಾರಿಯ ಕುರ್ಚಿಯಲ್ಲಿ ಒಬ್ಬರೂ ಕೂತಿರಲಿಲ್ಲ. ಪಂಕ್ಚರ್ ಅಂಗಡಿಯ ಹುಡುಗಿ ಲಿಖಿತ ಪರೀಕ್ಷೆಯಲ್ಲಿ ಎಲ್ಲರನ್ನೂ ಹಿಂದಿಕ್ಕಿದಳು. ಡಾಕ್ಟರ ಮಕ್ಕಳು, ವಕೀಲರ ಮಕ್ಕಳು ಬಾಯಿ ಬಿಟ್ಟುಕೊಂಡು ನೋಡಿದರು. ಉಳಿದದ್ದು ಕೊನೆಯ ಸಂದರ್ಶನ. ಅದು ಅವಳಿಗೆ ತಗಡಿನ ನೆರಳಿನಿಂದ ಹೊರಬರುವ ದಾರಿ, ಮೇಡಂಗೆ ತಮ್ಮ ಮದ್ದು ಫಲಿಸಿತು ಎಂದು ಜಗತ್ತಿಗೆ ಸಾರುವ ಅವಕಾಶ.

ಸಂದರ್ಶನಕ್ಕೆ ಮೇಡಂ ತಾವೇ ಜೊತೆಗೆ ಹೋದರು. ಕಂಪನಿಯ ಮಹಡಿಯಲ್ಲಿ ಕೋಣೆಗಳಿಗೆಲ್ಲ ಗಾಜಿನ ಗೋಡೆ. ಒಳಗೆ ಉದ್ದ ಮೇಜು. ಆಚೆ ಬದಿಗೆ ಸಂದರ್ಶಕರು, ಈಚೆಗೆ ಹುಡುಗಿ. ಹೊರಗಿನ ಬೆಂಚಿನಲ್ಲಿ ಕೂತ ಮೇಡಂಗೆ ಮಾತು ಕೇಳಿಸುತ್ತಿರಲಿಲ್ಲ, ಆದರೆ ಎಲ್ಲವೂ ಕಾಣುತ್ತಿತ್ತು. ಹುಡುಗಿ ಏನೋ ಹೇಳಿದಳು, ಮೇಜಿನ ಆಚೆ ಒಬ್ಬರು ತಲೆದೂಗಿದರು. ಇನ್ನೇನೋ ಹೇಳಿದಳು, ಇಬ್ಬರು ನಕ್ಕರು, ಒಳ್ಳೆಯ ನಗು. ನೀರು ತಂದವನು ಬಂದ, ಹೋದ. ಹುಡುಗಿ ಕೂತೇ ಇದ್ದಳು. ಮೇಡಂ ಎದೆಯ ಮೇಲಿನ ಹಳೆಯ ಕಲ್ಲೊಂದು ಇಳಿದಂತಾಯಿತು.

ಆಗ ಕಾರಿಡಾರಿನ ಕೊನೆಯಿಂದ ಊರುಗೋಲಿನ ಸದ್ದು ಬಂತು. ಬಿಳಿ ಕೂದಲಿನ ಮುದುಕರೊಬ್ಬರು ನಿಧಾನವಾಗಿ ಮೇಡಂ ಮುಂದೆ ಹಾದು, ಗಾಜಿನ ಬಾಗಿಲು ತೆರೆದು ಒಳಗೆ ಹೋದರು. ಕಂಪನಿಯ ಅಧ್ಯಕ್ಷರು. ಮೇಜಿನ ಆಚೆ ಇದ್ದವರೆಲ್ಲ ಒಟ್ಟಿಗೆ ಎದ್ದು ನಿಂತರು. ಇಂಥವರು ಬಂದರೆ ಏಳಬೇಕೆಂದು ಅವರಿಗೆ ಯಾರೂ ಹೇಳಿಕೊಟ್ಟಿರಲಿಕ್ಕಿಲ್ಲ. ನೀರಿನವನಿಗೆ ಏಳಬಾರದು, ಇವರಿಗೆ ಏಳಬೇಕು ಎಂಬುದು ಅವರಿಗೆ ಅಮ್ಮನ ಹಾಲಿನ ಜೊತೆಗೇ ಬಂದದ್ದು. ಹುಡುಗಿ ಏಳಲಿಲ್ಲ. ಬೆನ್ನು ನೇರ, ಕೈ ತೊಡೆಯ ಮೇಲೆ, ಕಣ್ಣು ಮುದುಕರ ಕಣ್ಣಲ್ಲಿ.

ಭೇಷ್, ಅಂದುಕೊಂಡರು ಮೇಡಂ. ನಿಜಕ್ಕೂ ಹಾಗೇ ಅಂದುಕೊಂಡರು, ಹೆಮ್ಮೆಯಿಂದ ಅವರ ಕಣ್ಣು ತುಂಬಿತು. ಆಮೇಲೆ ಮೇಜಿನ ಆಚೆಯ ಮುಖಗಳು ಕಂಡವು. ನಕ್ಕಿದ್ದ ಇಬ್ಬರ ನಗು ಎಲ್ಲೋ ಹೋಗಿತ್ತು. ಒಬ್ಬಳು ಹುಬ್ಬೇರಿಸಿ ಪಕ್ಕದವನನ್ನು ನೋಡಿದಳು. ಮುದುಕರು ಕೂತರು, ಎಲ್ಲರೂ ಕೂತರು. ಇನ್ನು ಒಂದೆರಡು ಪ್ರಶ್ನೆ ಶಾಸ್ತ್ರಕ್ಕೆ ಕೇಳಿ ಮುಗಿಸಿಬಿಟ್ಟರು. ಮೇಡಂ ಬೆಂಚಿಗೆ ಕೈಯೂರಲು ಹೋದರು, ಬೆಂಚು ಸಿಗಲಿಲ್ಲ. ಅವರು ನಿಂತಿದ್ದರು. ಊರುಗೋಲಿನ ಸದ್ದು ಹತ್ತಿರ ಬಂದಾಗ ಅವರ ಕಾಲು ಅವರನ್ನು ಕೇಳದೆ ಎದ್ದುಬಿಟ್ಟಿತ್ತು. ಬೆನ್ನು ಕೂಡ ಸ್ವಲ್ಪ ಬಗ್ಗಿತ್ತು.

ಹುಬ್ಬೇರಿಸಿದ್ದ ಅಧಿಕಾರಿಣಿಯೇ ಹೊರಗೆ ಬಂದಳು. ಮೇಡಂ ಜೊತೆ ಅವಳಿಗೆ ಮೊದಲಿಂದ ಪರಿಚಯವಿತ್ತು. ಮೊದಲ ಹೆಜ್ಜೆಯವರನ್ನೂ ಕರೆಯಿರಿ ಎಂದು ಮೇಡಂ ಅವಳ ಬೆನ್ನು ಹತ್ತಿದ್ದರು.

“ಹುಡುಗಿ ಚುರುಕು. ನಾವು ತಗೊಳ್ಳೋದು ಅಂತಾನೇ ಇದ್ವಿ,” ಅಂದಳು. “ಆದ್ರೆ ದರ್ಪ ನೋಡಿದ್ರಾ? ಅಷ್ಟು ವಯಸ್ಸಾದೋರು ಕೋಲು ಊರಿಕೊಂಡು ಬಂದ್ರೂ ಕಲ್ಲಿನ ಹಾಗೆ ಕೂತಿದ್ಲು. ಅಧ್ಯಕ್ಷರು ಬೇಡ ಅಂದುಬಿಟ್ರು. ಮನೇಲಿ ಏನೂ ಹೇಳಿಕೊಟ್ಟಿಲ್ಲ ಅನ್ಸುತ್ತೆ.”

ಮೇಡಂಗೆ ಉತ್ತರ ಕೊಡಲು ಬೇಕಾದಷ್ಟು ಹೊತ್ತಿತ್ತು. ಮನೆಯಲ್ಲಿ ಹೇಳಿಕೊಟ್ಟಿದ್ದರು, ಬಿಡಿಸಿದವಳು ನಾನು, ತಪ್ಪು ನನ್ನದು, ಇನ್ನೊಮ್ಮೆ ಕರೆಯಿರಿ. ಇಷ್ಟೇ ಹೇಳಬೇಕಿದ್ದದ್ದು. ಹೇಳಿದ್ದರೆ ಅಧಿಕಾರಿಣಿ ಒಳಗೆ ಹೋಗಿ ನಗುತ್ತಾ ಹೇಳುತ್ತಿದ್ದಳು, ಎಲ್ಲರೂ ಸೇರಿ ಮೇಡಂ ಬಗ್ಗೆ ನಗುತ್ತಿದ್ದರು, ಹುಡುಗಿಗೆ ಬಹುಶಃ ಕೆಲಸ ಸಿಗುತ್ತಿತ್ತು. ಮೇಜಿನ ಆಚೆಯ ಆ ನಗು ಮೇಡಂಗೆ ಚೆನ್ನಾಗಿ ಗೊತ್ತಿತ್ತು. ಅದು ಇನ್ನೊಮ್ಮೆ ಬೇಡವಾಗಿತ್ತು.

“ಏನ್ ಮಾಡೋದು ಹೇಳಿ,” ಅಂದರು ಅವರು. “ನಾವು ಎಷ್ಟು ತಿದ್ದಿದ್ರೂ ಮನೆ ಅಂಥದ್ದು. ಅಪ್ಪ ರಸ್ತೇಲಿ ಪಂಕ್ಚರ್ ಹಾಕ್ತಾನೆ.”

ಅಧಿಕಾರಿಣಿ ಅಯ್ಯೋ ಪಾಪ ಎಂಬಂತೆ ತಲೆಯಾಡಿಸಿದಳು. ಅವಳ ಹಿಂದೆ ಗಾಜಿನ ಬಾಗಿಲು ತೆರೆದುಕೊಂಡಿತ್ತು. ಅಲ್ಲಿ ಹುಡುಗಿ ನಿಂತಿದ್ದಳು. ಕೇಳಿಸಿಕೊಂಡಿದ್ದಳು.

ವಾಪಸ್ ಬರುವಾಗ ಬಸ್ಸಿನಲ್ಲಿ ಮೇಡಂ ಏನೇನೋ ಹೇಳಿದರು. ಅಷ್ಟೂ ಸಾಮಾನ್ಯ ಜ್ಞಾನ ಬೇಡವಾ ಅಂದರು, ಎಲ್ಲರೂ ಎದ್ದಾಗ ನೀನೂ ಏಳಬೇಕು ಅಂತ ಹೊಳೆಯಲಿಲ್ಲವಾ ಅಂದರು. ಪಕ್ಕದ ಸೀಟು ಖಾಲಿಯಿತ್ತು. ಹುಡುಗಿ ಕಂಬಿ ಹಿಡಿದು ದಾರಿಯುದ್ದಕ್ಕೂ ನಿಂತೇ ಬಂದಳು.

ಆಮೇಲೆ ಅವಳಿಗೆ ಎಲ್ಲಿಂದಲೂ ಕರೆ ಬರಲಿಲ್ಲ. ಪ್ರಿನ್ಸಿಪಾಲರಿಗೆ ಮರುಕ ಬಂತು. ಅಟೆಂಡರ್ ನಿವೃತ್ತನಾದಾಗ ಅವನ ಜಾಗದಲ್ಲಿ ತಾತ್ಕಾಲಿಕವಾಗಿ ಅವಳನ್ನೇ ನೇಮಿಸಿ, ಮೊದಲ ಹೆಜ್ಜೆಯ ಕೋಣೆಗೇ ಹಾಕಿದರು. ಒಳ್ಳೆಯದು ಮಾಡಿದೆ ಅಂದುಕೊಂಡರು ಪಾಪ. ಮೇಡಂ ಬೇಡವೆನ್ನಲು ಕಾರಣ ಕೊಡಬೇಕಿತ್ತು, ಕೊಡುವಂಥ ಕಾರಣ ಯಾವುದೂ ಇರಲಿಲ್ಲ.

ಹೊಸ ವರ್ಷದ ತರಗತಿ ಶುರುವಾದ ದಿನ ಮೇಡಂ ಬಾಗಿಲು ನೂಕಿಕೊಂಡು ಒಳಗೆ ಬಂದರು. ಬೆನ್ನ ಹಿಂದೆ ಧಡ್ ಎಂದಿತು. ಮೂಲೆಯ ಸ್ಟೂಲಿನಿಂದ ಅವಳು ಎದ್ದು ನಿಂತಳು. ಬೆನ್ನು ಬಗ್ಗಿಸಿ, ಕೈ ಕಟ್ಟಿ, ಕಣ್ಣು ನೆಲಕ್ಕೆ ಹಾಕಿ, ಮೇಡಂ ನಟಿಸಿ ತೋರಿಸುತ್ತಿದ್ದರಲ್ಲ, ಥೇಟ್ ಹಾಗೇ. ಅವಳನ್ನು ನೋಡಿ ಹೊಸ ಮಕ್ಕಳೆಲ್ಲ ಎದ್ದರು.

“ಕೂತ್ಕೊ,” ಅಂದರು ಮೇಡಂ.

“ಪರವಾಗಿಲ್ಲ, ಮೇಡಂ,” ಅಂದಳು ಅವಳು, ತುಂಬ ವಿನಯದಿಂದ. “ಮನೇಲಿ ಹೇಳಿಕೊಟ್ಟಿದ್ದಾರೆ.”

ಮೇಡಂ ಗದರಿದರು, ಮಕ್ಕಳ ಕಡೆ ತಿರುಗಿ ಬೈದರು. ಯಾರೂ ಕೂರಲಿಲ್ಲ. ಅವರೆಲ್ಲ ಮೂಲೆಯ ಸ್ಟೂಲನ್ನು ನೋಡುತ್ತಿದ್ದರು. ಕೊನೆಗೆ ಮೇಡಂ ಸೋತು ಕುರ್ಚಿಯಲ್ಲಿ ಕೂತರು. ಆಗ ಅವಳು ಕೂತಳು. ಅವಳು ಕೂತದ್ದನ್ನು ನೋಡಿ ಮಕ್ಕಳು ಕೂತರು.

ಮಾರನೆಯ ದಿನವೂ ಹಾಗೇ ಆಯಿತು, ಅದರ ಮಾರನೆಯ ದಿನವೂ. ಕೋಣೆಯ ಉದ್ದಗಲಕ್ಕೂ ಓಡಾಡಿ ಪಾಠ ಮಾಡುತ್ತಿದ್ದವರು ಈಗ ಬಾಗಿಲಿನಿಂದ ನೇರ ಕುರ್ಚಿಗೆ ಹೋಗುತ್ತಾರೆ, ಗಂಟೆ ಹೊಡೆಯುವವರೆಗೂ ಅಲ್ಲಿಂದ ಅಲುಗುವುದಿಲ್ಲ. ಹಳೆಯ ಹೆಸರನ್ನು ಯಾರೂ ಬದಲಿಸಿಲ್ಲ, ಬದಲಿಸುವ ಅಗತ್ಯವೂ ಬೀಳಲಿಲ್ಲ. ಅವರು ಬಾಗಿಲಲ್ಲಿ ಕಂಡ ಕೂಡಲೇ ಹಿಂದಿನ ಬೆಂಚಿನಿಂದ ಯಾವನಾದರೂ ಮೆಲ್ಲಗೆ ಅನ್ನುತ್ತಾನೆ, “ಕೂತ್ಕೊ, ಮೇಡಂ.” ಮೇಡಂ ಹೋಗಿ ಕೂರುತ್ತಾರೆ.