ವಿಭೂತಿ ಡಬ್ಬಿಯ ಮೆಮೊರಿ ಕಾರ್ಡ್

ಅರಕಲಗೂಡು ಬಸ್ ನಿಲ್ದಾಣದ ಎದುರಿನ ಸಾಲಿನಲ್ಲಿ ಭಾನುಪ್ರಿಯಾಳ ಕಂಪ್ಯೂಟರ್ ಅಂಗಡಿ ಇದೆ. ಜೆರಾಕ್ಸ್, ಪಹಣಿ ಪ್ರಿಂಟು, ಪಾಸ್‌ಪೋರ್ಟ್ ಫೋಟೋ ಎಲ್ಲವೂ ಅಲ್ಲಿ ಆಗುತ್ತವೆ. ಆದರೆ ಸುತ್ತಲಿನ ಹಳ್ಳಿಯವರು ಅವಳನ್ನು ಹುಡುಕಿಕೊಂಡು ಬರುವುದು ಬೇರೆ ಕಾರಣಕ್ಕೆ. ಬೇರೆಲ್ಲೂ ಓಡದ ವಿಡಿಯೊ ಅವಳ ಕಂಪ್ಯೂಟರಿನಲ್ಲಿ ಓಡುತ್ತದೆ ಎಂಬ ಮಾತಿದೆ. ಯಾರಾದರೂ ಹಾಗೆ ಹೊಗಳಿದರೆ ಅವಳು ನಾಚಿಕೊಳ್ಳುವುದಿಲ್ಲ. "ಓಡ್ದೆ ಏನ್ ಮಾಡ್ತದೆ" ಎಂದು ಮುಂದಿನ ಕೆಲಸಕ್ಕೆ ಕೈ ಹಾಕುತ್ತಾಳೆ.

ಅವಳ ತೌರು ಶಾಂತಿಗ್ರಾಮ. ಮದುವೆಗೆ ಮುಂಚೆ ಚನ್ನರಾಯಪಟ್ಟಣದ ಒಂದು ಸ್ಟುಡಿಯೊದಲ್ಲಿ ಎಂಟು ವರ್ಷ ಮದುವೆ ವಿಡಿಯೊಗಳ ಮಿಕ್ಸಿಂಗ್ ಮಾಡಿದವಳು. ಅಲ್ಲಿಗೆ ಒಬ್ಬೊಬ್ಬ ಕ್ಯಾಮೆರಾದವನೂ ಒಂದೊಂದು ಬಗೆಯ ಫೈಲ್ ತಂದು ಸುರಿಯುತ್ತಿದ್ದ. ವಾಲಗದವರು ಕೆನ್ನೆ ಉಬ್ಬಿಸಿ ಊದುತ್ತಿದ್ದಾರೆ, ಸದ್ದೇ ಇಲ್ಲ. ಇನ್ನೊಂದರಲ್ಲಿ ಮಂತ್ರ ಕೇಳುತ್ತಿದೆ, ಪರದೆ ಮಾತ್ರ ಕಪ್ಪು. ತಲೆ ಚಚ್ಚಿಕೊಂಡು ಚಚ್ಚಿಕೊಂಡೇ ಅವಳು ಒಂದು ವಿಷಯ ಕಲಿತಳು. ಫೈಲಿನ ಬಾಲದಲ್ಲಿರುವ ಎಂಪಿ4, ಎವಿಐ ಎಂಬ ಅಕ್ಷರಗಳು ಬುತ್ತಿ ಡಬ್ಬಿಯ ಹೆಸರಷ್ಟೆ. ಒಳಗೆ ಚಿತ್ರವನ್ನು ಒಂದು ರೀತಿ, ಧ್ವನಿಯನ್ನು ಇನ್ನೊಂದು ರೀತಿ ಅದುಮಿ ಇಟ್ಟಿರುತ್ತಾರೆ. ಎರಡನ್ನೂ ಬಿಚ್ಚಬಲ್ಲ ಪ್ಲೇಯರ್ ಬೇಕು. ಕೆಲವಕ್ಕೆ ಧ್ವನಿ ಬಿಚ್ಚಲು ಬರುವುದಿಲ್ಲ, ಬರುವುದಿಲ್ಲವೆಂದು ಹೇಳುವ ಮರ್ಯಾದೆಯೂ ಇಲ್ಲ. ಆದ್ದರಿಂದ ಒಳಗೇನೇನಿದೆ ಎಂದು ಹೇಳುವ ಫೈಲಿನ ಜಾತಕವನ್ನು ಮೊದಲು ನೋಡಬೇಕು, ಪ್ಲೇಯರ್ ಆರಿಸುವುದು ಆಮೇಲೆ. ಜಾತಕವನ್ನೇ ನೋಡದೆ ಫೈಲನ್ನು ಇನ್ನೊಂದು ಬಗೆಗೆ ಬದಲಾಯಿಸಿಕೊಡುವ ಅಂಗಡಿಯವರನ್ನು ಕಂಡರೆ ಅವಳಿಗೆ ಮೈಯೆಲ್ಲ ಉರಿಯುತ್ತದೆ.

ಕಳೆದ ಶ್ರಾವಣದ ಒಂದು ಬೆಳಿಗ್ಗೆ ಮಲ್ಲಿಪಟ್ಟಣದಿಂದ ಶಿವಗಂಗಮ್ಮ ಬಂದರು. ಜೊತೆಗೆ ಪಿಯುಸಿ ಓದುವ ಮೊಮ್ಮಗಳು ದಿವ್ಯಾ. ಅಜ್ಜಿಯ ಸೆರಗಿನ ಗಂಟಿನಲ್ಲಿ ಒಂದು ಪೆನ್‌ಡ್ರೈವ್ ಇತ್ತು.

"ಇದ್ರಲ್ಲಿ ಇವ್ಳ ತಾತ ಅವ್ರೆ ಕಣವ್ವ," ಎಂದರು ಶಿವಗಂಗಮ್ಮ. "ಮಾತಾಡ್ತಾರೆ. ಏನ್ ಮಾತಾಡ್ತಾರೆ ಅಂತ ಅನ್ನೊಂದ್ ವರ್ಸದಿಂದ ಯಾರ್ಗೂ ಕೇಳಿಲ್ಲ."

ತಾತನ ಹೆಸರು ಷಡಕ್ಷರಿ. ಗೊರೂರು ಅಣೆಕಟ್ಟೆ ತುಂಬಿ ಬಾಗಿಲು ತೆಗೆದಿದ್ದಾರೆ, ನೋಡಿ ಬರೋಣ ಎಂದು ಅವರು ಹೆಂಡತಿಯನ್ನು ಕರೆದಿದ್ದರು. ಹಸು ಈಯುವ ದಿನ ಹತ್ತಿರವಾಗಿತ್ತು. ಕೆಲಸವಿಲ್ಲದವರು ಹೋಗಿ ಎಂದು ಶಿವಗಂಗಮ್ಮ ಸಿಡುಕಿದರು. ಷಡಕ್ಷರಿ ತಿಂಡಿಯನ್ನೂ ತಿನ್ನದೆ ಆರು ವರ್ಷದ ದಿವ್ಯಾಳ ಕೈಹಿಡಿದು ಹೊರಟುಬಿಟ್ಟರು. ಅಲ್ಲಿ ಗುಂಡಿ ಒತ್ತುವ ಫೋನನ್ನು ಮಗುವಿಗೆ ಕೊಟ್ಟು ತಮ್ಮ ವಿಡಿಯೊ ತೆಗೆಸಿಕೊಂಡರು. ಆ ಫೋನು ಮರುದಿನವೇ ಬಚ್ಚಲ ಹಂಡೆಗೆ ಬಿತ್ತು. ಹತ್ತು ದಿನಕ್ಕೆ ಎದೆನೋವು ಬಂದು ಅವರೂ ಹೋದರು. ಆಮೇಲೆ ಹಾಸನದ ಯಾವುದೋ ಅಂಗಡಿಯಲ್ಲಿ ಹಾಕಿ ನೋಡಿದಾಗ ಚಿತ್ರ ಬಂತು, ಧ್ವನಿ ಇಲ್ಲ. ಫೋನಿನ ಮೈಕು ಕೆಟ್ಟಿತ್ತು ಎಂದು ಹೇಳಿ, ಅಂಗಡಿಯವರು ಆ ವಿಡಿಯೊವನ್ನು ಈ ಪೆನ್‌ಡ್ರೈವಿಗೆ ಹಾಕಿಕೊಟ್ಟರು.

"ನೀನೇ ತೆಗ್ದದ್ದಲ್ವೇನಮ್ಮ?" ಎಂದು ಭಾನುಪ್ರಿಯಾ ದಿವ್ಯಾಳನ್ನು ಕೇಳಿದಳು.

"ನೀರಿನ ಸದ್ದು ನೆನಪೈತೆ ಅಕ್ಕ. ತಾತ ಅಂದಿದ್ದು ನೆನಪಿಲ್ಲ."

ಶಿವಗಂಗಮ್ಮ ದನಿ ತಗ್ಗಿಸಿದರು. "ಉಬ್ಬು ಗಂಟಿಕ್ಕಿ, ಬೆಟ್ಟು ಆಡಿಸ್ತಾರೆ ಕಣವ್ವ. ನನ್ನೇ ಬಯ್ಯಾದು, ನನಗ್ ಗೊತ್ತು. ಬೈದ್ರೆ ಬೈಲಿ, ಅದನ್ನಾದ್ರೂ ಕೇಳ್ಬೇಕು."

ಭಾನುಪ್ರಿಯಾ ಪೆನ್‌ಡ್ರೈವನ್ನು ಕೈಗೆ ತೆಗೆದುಕೊಂಡಳು. "ಧ್ವನಿ ಬತ್ತದೆ ಅಜ್ಜಿ, ನಾನ್ ಬರುಸ್ತೀನಿ" ಎಂದುಬಿಟ್ಟಳು. ಜಾತಕ ನೋಡುವ ಮೊದಲೇ ಅವಳು ಮಾತು ಕೊಟ್ಟದ್ದು ಅದೇ ಮೊದಲು. ಫೈಲ್ ತೆರೆದು ಅದರ ವಿವರ ನೋಡಿದರೆ ಚಿತ್ರದ ಸಾಲು ಒಂದೇ ಇತ್ತು. ಧ್ವನಿಯ ಸಾಲೇ ಇಲ್ಲ. ಇಲ್ಲದ್ದನ್ನು ಯಾವ ಪ್ಲೇಯರೂ ನುಡಿಸಲಾರದು. ಅವಳ ಮುಖ ಚಿಕ್ಕದಾಯಿತು. ಅಜ್ಜಿಯ ಕಣ್ಣು ತಪ್ಪಿಸಲು ಮತ್ತೊಮ್ಮೆ ಆ ವಿವರವನ್ನೇ ಓದುತ್ತಿದ್ದಾಗ ತಾರೀಖು ಕಣ್ಣಿಗೆ ಬಿತ್ತು. ತಾತ ತೀರಿಕೊಂಡ ಎರಡು ತಿಂಗಳ ಮೇಲೆ ಮಾಡಿದ ಫೈಲದು. ಬದಲಾಯಿಸುವಾಗ ಹಾಸನದವರು ಧ್ವನಿಯನ್ನು ಅಲ್ಲೇ ಬಿಟ್ಟಿದ್ದರು.

"ಇದು ನಕಲು ಅಜ್ಜಿ. ಫೋನಿನೊಳಗಿದ್ದ ಚಿಪ್ಪು ಎಲ್ಲೈತೆ?"

"ದೇವರ ಗೂಡ್ನಲ್ಲಿ, ಈಬೂತಿ ಡಬ್ಬೀಲಿ. ಅವ್ರ ಮಕ ಐತಲ್ಲ ಅದ್ರಲ್ಲಿ, ಅದ್ಕೆ. ದಿನಾ ಪೂಜೆ ಆದ್ಮ್ಯಾಕೆ ಮುಟ್ಟಿ ಕಣ್ಗೊತ್ಕೊತೀನಿ."

ಹನ್ನೊಂದು ವರ್ಷದ ವಿಭೂತಿ. ಅದರೊಳಗೆ ಚಿಪ್ಪು ಇನ್ನೂ ಕೆಲಸ ಮಾಡೀತೆಂಬ ನಂಬಿಕೆ ಭಾನುಪ್ರಿಯಾಳಿಗೆ ಇರಲಿಲ್ಲ. ಆದರೂ ನಾಳೆ ಡಬ್ಬಿ ಸಮೇತ ಬನ್ನಿ ಎಂದು ಗಟ್ಟಿಯಾಗಿಯೇ ಹೇಳಿ ಕಳಿಸಿದಳು.

ಮರುದಿನ ಬಂದ ಉಗುರಗಲದ ಮೆಮೊರಿ ಕಾರ್ಡಿನ ಬಣ್ಣವೇ ಕಾಣುತ್ತಿರಲಿಲ್ಲ. ಕಂಪ್ಯೂಟರಿಗೆ ಚುಚ್ಚಿದರೆ ಉಸಿರಿಲ್ಲ. ಭಾನುಪ್ರಿಯಾ ಅದನ್ನು ಬಿಳಿ ಬಟ್ಟೆಯ ಮೇಲಿಟ್ಟು, ಉದುರಿದ ವಿಭೂತಿಯನ್ನು ಕಾಗದದಲ್ಲಿ ಕಟ್ಟಿ ಅಜ್ಜಿಗೇ ವಾಪಸು ಕೊಟ್ಟಳು. ಕಾರ್ಡಿನ ಬೆನ್ನಿಗಿರುವ ಹಿತ್ತಾಳೆ ಬಣ್ಣದ ಗೆರೆಗಳನ್ನು ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿದಳು. ಮೂರನೇ ಸಲಕ್ಕೆ ಫೋಲ್ಡರ್ ತೆರೆದುಕೊಂಡಿತು. ಆತುರ ಪಡದೆ ಮೊದಲು ಒಂದು ಪ್ರತಿ ತೆಗೆದಿಟ್ಟಳು.

3ಜಿಪಿ ಫೈಲು. ಕಂಪ್ಯೂಟರಿನ ಜೊತೆಗೇ ಬಂದ ಪ್ಲೇಯರಿನಲ್ಲಿ ಹಾಕಿದಾಗ ತಾತ ಬಂದರು, ಬೆರಳಾಡಿಸಿದರು, ಸದ್ದಿಲ್ಲ. ಶಿವಗಂಗಮ್ಮ ತಲೆ ತಗ್ಗಿಸಿದರು. ಭಾನುಪ್ರಿಯಾ ಮಾತ್ರ ಒಳಗೊಳಗೇ ನಕ್ಕಳು, ಜಾತಕದಲ್ಲಿ ಈ ಸಲ ಎರಡು ಸಾಲಿದ್ದವು. ಎರಡನೆಯದು ಎಎಂಆರ್, ಹಳೆಯ ಫೋನುಗಳು ಮಾತನ್ನು ಅದುಮಿಡುತ್ತಿದ್ದ ರೀತಿ. ಅದನ್ನು ಬಿಚ್ಚಬಲ್ಲ ವಿಎಲ್‌ಸಿ ಪ್ಲೇಯರಿನಲ್ಲಿ ಫೈಲ್ ತೆರೆದು, ಸ್ಪೀಕರನ್ನು ಅಜ್ಜಿಯ ಕಡೆಗೆ ತಿರುಗಿಸಿದಳು.

ಮೊದಲು ಹೇಮಾವತಿಯ ಭೋರ್ಗರೆತ ಕೇಳಿತು. ಅದರ ಮೇಲೆ ಗಂಡಸಿನ ದಪ್ಪ ದನಿ.

"ಪುಟ್ಟೀ, ನಿಮ್ಮಜ್ಜಿಗೆ ಏಳು. ಇಂಥ ನೀರ ನಾನೊಬ್ನೇ ನೋಡಿದ್ರೆ ಕಣ್ ತುಂಬಾಕಿಲ್ಲ ಅನ್ನು. ಅಸ ಈದೇಟ್ಗೆ ಕರ್ಕೊಂಡ್ ಬತ್ತೀನಿ." ಇಲ್ಲಿ ಹುಬ್ಬು ಗಂಟಿಕ್ಕಿತು, ಬೆರಳು ಆಡಿತು. "ಬರಾಕಿಲ್ಲ ಅಂದ್ರೆ ಒತ್ಕೊಂಡ್ ಬತ್ತೀನಿ ಅನ್ನು, ಎದರ್ಕೋಬ್ಯಾಡ ಅನ್ನು."

ಇಪ್ಪತ್ತೆರಡು ಸೆಕೆಂಡಿಗೆ ಮುಗಿಯಿತು. ದಿವ್ಯಾ ಅಳುತ್ತಿದ್ದಳು. ಯಾರೂ ಹೇಳದೆಯೇ ಭಾನುಪ್ರಿಯಾ ಇನ್ನೊಮ್ಮೆ ಹಾಕಿದಳು, ಮತ್ತೊಮ್ಮೆ ಹಾಕಿದಳು. ಮೂರನೇ ಸಲ ಶಿವಗಂಗಮ್ಮ ನಕ್ಕುಬಿಟ್ಟರು.

"ಒತ್ಕೊಂಡ್ ಬತ್ತಾರಂತೆ. ಬಿಂದಿಗೆ ಎತ್ತಾಕೇ ಸೊಂಟ ಬತ್ತಿರ್ಲಿಲ್ಲ ಅವ್ರಿಗೆ."

ಸೆರಗಿನಿಂದ ಕಣ್ಣೊರೆಸಿಕೊಂಡು, ಕಾರ್ಡನ್ನು ಡಬ್ಬಿಗೆ ಹಾಕಿ, ಎದ್ದು ನಿಂತು ಬಸ್ ನಿಲ್ದಾಣದ ಕಡೆ ನೋಡಿದರು.

"ಗೊರೂರ್ ಬಸ್ಸು ಎಷ್ಟೊತ್ಗವ್ವ?"