ಹಗ್ಗದ ಇನ್ನೊಂದು ತುದಿ

ನಾನು ಚಿಕ್ಕವನಿದ್ದಾಗ ಒಂದು ಹಗ್ಗದ ತುದಿಗಾಗಿ ನನ್ನ ಅಕ್ಕನ ಮೇಲೆ ಹೊಟ್ಟೆ ಉರಿದುಕೊಳ್ಳುತ್ತಿದ್ದೆ. ನಗಬೇಡಿ ಮಕ್ಕಳೇ. ಚಿನ್ನದ ಹಗ್ಗವೇನಲ್ಲ, ಕತ್ತಾಳೆ ನಾರಿನದು, ಅಂಗೈಗೆ ಚುಚ್ಚುವಂಥದ್ದು. ಆದರೆ ಅದರ ಒಂದು ತುದಿ ಅಪ್ಪನ ಕೈಯಲ್ಲಿದ್ದರೆ ಇನ್ನೊಂದು ಯಾವಾಗಲೂ ಅಕ್ಕನ ಕೈಯಲ್ಲೇ ಇರುತ್ತಿತ್ತು.

ಹಲಗೂರಿನಿಂದಾಚೆ, ಕಾಡಿನ ಅಂಚಿಗೆ ನಮ್ಮ ಹುಲ್ಲುಗಾವಲು. ನೀವು ರಜೆಗೆ ಬಂದಾಗ ಓಡಾಡುತ್ತೀರಲ್ಲ, ಅದೇ. ನಮ್ಮ ದನ, ಕುರಿಗಳೆಲ್ಲ ಅಲ್ಲೇ ಮೇಯುತ್ತಿದ್ದವು. ಆದರೆ ಮುಂಗಾರು ಬಿದ್ದ ಕೂಡಲೇ ಅಪ್ಪ ನೀರಿನ ಕಟ್ಟೆಯ ಕೆಳಗಿನ ಭಾಗಕ್ಕೆ ಜಾಲಿಮುಳ್ಳಿನ ಬೇಲಿ ಹಾಕಿ ಮುಚ್ಚಿಬಿಡುತ್ತಿದ್ದರು. ಅಲ್ಲಿ ಹುಲ್ಲು ನನ್ನ ಸೊಂಟದೆತ್ತರ ಬೆಳೆಯುತ್ತಿತ್ತು. ಅದರೊಳಗೆ ಗೌಜಲಕ್ಕಿ ಮೊಟ್ಟೆಯಿಡುತ್ತಿತ್ತು, ಮೊಲ ಮರಿ ಹಾಕುತ್ತಿತ್ತು.

"ಗೌಜಲಕ್ಕಿ ಇದ್ರೆ ಗೆದ್ಲು ತಿಂತದೆ. ಮೊಲ ಇದ್ರೆ ಚಿರತೆ ನಮ್ ಕುರಿ ತಂಟೆಗ್ ಬರಾಕಿಲ್ಲ. ಅವುಕ್ಕೂ ಒಂದ್ ಪಾಲು ಬುಡ್ಬೇಕು" ಎನ್ನುತ್ತಿದ್ದರು ಅಪ್ಪ.

ಮರಿಗಳು ಹಾರುವಷ್ಟು ಬಲಿತ ಮೇಲೆ ಆ ಹುಲ್ಲು ದನಕುರಿಗಳಿಗೆ. ಬಲಿತವೋ ಇಲ್ಲವೋ ತಿಳಿಯಲು ಹಗ್ಗ. ಇಬ್ಬರು ಎರಡು ತುದಿ ಹಿಡಿದು, ಹುಲ್ಲಿನ ತಲೆ ಸವರುವಂತೆ ನಿಧಾನವಾಗಿ ಎಳೆದುಕೊಂಡು ನಡೆಯಬೇಕು. ಹಕ್ಕಿಗಳೆಲ್ಲ ಎದ್ದು ಹಾರಿದರೆ ಬೇಲಿ ತೆಗೆಯಬಹುದು. ಹಾರಲಾರದ ಮರಿ ಸಿಕ್ಕಿದರೆ ಇನ್ನೂ ಕಾಯಬೇಕು. ಹಗ್ಗ ಎಳೆದವರು ಸಾಕಿದ ಪ್ರಾಣಿಯೇ ಹಾರ ಹಾಕಿಸಿಕೊಂಡು ಆ ಹುಲ್ಲಿಗೆ ಮೊದಲು ಬಾಯಿ ಹಾಕುವುದು ನಮ್ಮ ಮನೆಯ ಪದ್ಧತಿ. ಹಾಗಾಗಿ ಪ್ರತಿ ವರ್ಷ ಚೆಂಡುಹೂವಿನ ಹಾರದಲ್ಲಿ ಮೆರೆಯುತ್ತಿದ್ದುದು ಅಕ್ಕನ ಹಸು. ನನ್ನ ಬಂಡೂರು ಟಗರು ಅದರ ಹಿಂದೆ, ಸಗಣಿ ತುಳಿದುಕೊಂಡು. ನೋಡಿ ನೋಡಿ ನನ್ನ ಹೊಟ್ಟೆಯೊಳಗೆ ಮೆಣಸಿನಕಾಯಿ ಅರೆದಂತಾಗುತ್ತಿತ್ತು.

ಒಂದು ವರ್ಷ ಹಗ್ಗ ಎಳೆಯುವ ಹಿಂದಿನ ದಿನ ಅಕ್ಕನ ಕಾಲಿಗೆ ಜಾಲಿಮುಳ್ಳು ಚುಚ್ಚಿ ಒಳಗೇ ಮುರಿದುಕೊಂಡಿತು. ಅವಳು ಅಳುತ್ತಿದ್ದರೆ ನನಗೆ ಒಳಗೊಳಗೇ ಹಬ್ಬ. ಅಪ್ಪ ಹಗ್ಗದ ತುದಿಯನ್ನು ನನಗೆ ಕೊಟ್ಟರು.

ಬೆಳಿಗ್ಗೆ ಎದ್ದವನೇ ಟಗರನ್ನು ಕಟ್ಟೆಯಲ್ಲಿ ತೊಳೆದು ಹಾರ ಹಾಕಿದೆ. ಒದ್ದೆ ಉಣ್ಣೆಯ ವಾಸನೆ ನನ್ನ ಅಂಗಿಗೂ ಹತ್ತಿತ್ತು. ಅಕ್ಕ ಕಾಲಿಗೆ ಎಕ್ಕದ ಹಾಲು ಹಚ್ಚಿಕೊಂಡು, ಬಟ್ಟೆ ಸುತ್ತಿಕೊಂಡು, ಬೇಲಿಯ ಪಕ್ಕದ ಬಂಡೆಯ ಮೇಲೆ ಕೂತಿದ್ದಳು. ನಾವು ಎಳೆಯತೊಡಗಿದೆವು. ಇಬ್ಬನಿಗೆ ಚಡ್ಡಿಯೆಲ್ಲ ತೊಯ್ದುಹೋಯಿತು. ಮಿಡತೆಗಳು ಮುಖಕ್ಕೆ ಹಾರಿದವು. ಒಂದು ಮೊಲ ಕಿವಿ ಮಡಚಿಕೊಂಡು ಓಡಿತು. ಸ್ವಲ್ಪ ದೂರ ಹೋಗುವಷ್ಟರಲ್ಲಿ ನನ್ನ ಕಾಲ ಬಳಿಯಿಂದಲೇ ಗೌಜಲಕ್ಕಿಯೊಂದು ಭರ್ರನೆ ಮೇಲೆದ್ದಿತು.

"ಆರೋಯ್ತು! ಬೇಲಿ ತಗ್ದ್‌ಬುಡಪ್ಪ!" ಎಂದು ಕಿರುಚಿದೆ.

ಬಂಡೆಯ ಮೇಲಿಂದ ಅಕ್ಕ ಕೂಗಿದಳು: "ಲೇ, ಎದ್ದಿದ್ದು ಅವ್ವ ಕಣ್ಲಾ! ದೂರ ಓಗ್ದೆ ಅಲ್ಲೇ ಸುತ್ತಾಡ್ತಾ ಅದೆ ನೋಡು. ಮರಿ ನಿನ್ ಕಾಲ್ತಾವೇ ಇರ್ಬೇಕು!"

ಅಪ್ಪ ಬಂದು ಹುಲ್ಲು ಸರಿಸಿದರು. ನನ್ನ ಹೆಬ್ಬೆರಳಿನ ಪಕ್ಕದಲ್ಲೇ ಮಣ್ಣಿನ ಬಣ್ಣದ ಮರಿಗಳು ನೆಲಕ್ಕೆ ಅಂಟಿಕೊಂಡು ಕೂತಿದ್ದವು. ಒಂದರ ಎದೆ ಡವಡವ ಹೊಡೆದುಕೊಳ್ಳುತ್ತಿತ್ತು. ಆ ಮರಿಯ ಮೇಲೂ ನನಗೆ ಹೊಟ್ಟೆಕಿಚ್ಚು ಬಂತು. ಇಷ್ಟು ಹುಲ್ಲೆಲ್ಲ ಇದಕ್ಕೇ ಬೇಕೇ? ಆದರೂ ಕಾಲು ಕದಲಿಸಲು ಧೈರ್ಯ ಬರಲಿಲ್ಲ, ಕಣ್ಣು ಕೀಳಲೂ ಮನಸ್ಸಾಗಲಿಲ್ಲ.

"ನಿನ್ ಕಣ್ಣು ಟಗರಿನ ಮ್ಯಾಲೆ ಅದೆ ಕಣ್ಲಾ, ಉಲ್ಲಿನ ಮ್ಯಾಲಿಲ್ಲ" ಎಂದು ಅಪ್ಪ ಹಗ್ಗ ಸುತ್ತಿಕೊಂಡರು.

ಹೊರಗೆ ಬಂದು ನೋಡಿದರೆ ಟಗರು ಕಾದು ಕಾದು ತನ್ನ ಹಾರವನ್ನೇ ತಿಂದು ಮುಗಿಸಿತ್ತು. ಮತ್ತೆ ಹಗ್ಗ ಎಳೆಯುವ ಹೊತ್ತಿಗೆ ಅಕ್ಕನ ಕಾಲು ವಾಸಿಯಾಗಿತ್ತು. ಮರಿಗಳು ಹಾರಿದವು, ಅಕ್ಕನ ಹಸು ಒಳಗೆ ಹೋಯಿತು. ಆ ದಿನ ನಾನು ಊಟಕ್ಕೆ ಬರುವುದಿಲ್ಲ ಎಂದು ಮೂಲೆ ಹಿಡಿದು ಕೂತೆ. ಆಮೇಲೆ ಹೋದೆ ಅನ್ನಿ. ಬಿಸಿ ಮುದ್ದೆ, ಉಪ್ಸಾರು, ಬಿಡಲು ಆಗುತ್ತದೆಯೇ?

ಈಗ ನಿಮ್ಮ ಕಾಲ. ಜಾಲಿಮುಳ್ಳು ಹೋಗಿ ತಂತಿಬೇಲಿ ಬಂದಿದೆ. ನಾವು ಚಿರತೆಯ ಹೆಜ್ಜೆ ಕಂಡರೇ ನಡುಗುತ್ತಿದ್ದೆವು. ನೀವು ಪಟ್ಟಣದಲ್ಲಿ, ಗುತ್ತಲಿನ ಮನೆಯಲ್ಲಿ ಚಕ್ಕುಲಿ ತಿನ್ನುತ್ತಾ, ಮರಕ್ಕೆ ಕಟ್ಟಿದ ಕ್ಯಾಮೆರಾದಲ್ಲಿ ಬಿದ್ದ ಚಿರತೆಯನ್ನು ಮೊಬೈಲಿನಲ್ಲಿ ನೋಡುತ್ತೀರಿ. ಆದರೆ ಹುಲ್ಲಿನ ಬುಡದಲ್ಲಿ ಕೂತ ಮರಿ ಆ ಕ್ಯಾಮೆರಾಕ್ಕೆ ಕಾಣುವುದಿಲ್ಲ. ಅದಕ್ಕೆ ಇಂದಿಗೂ ಹಗ್ಗವೇ ಬೇಕು. ಅಪ್ಪ ಹಿಡಿಯುತ್ತಿದ್ದ ತುದಿ ಈಗ ಅಕ್ಕನ ಕೈಯಲ್ಲಿದೆ, ನೀವು ದೊಡ್ಡಜ್ಜಿ ಎನ್ನುವ ಅದೇ ಅಕ್ಕ. ಇನ್ನೊಂದನ್ನು ಹಿಡಿಯುತ್ತಿದ್ದ ನಿಮ್ಮಪ್ಪನಿಗೆ ಈ ದಸರಾ ರಜೆಯಲ್ಲಿ ಬರಲಾಗಲಿಲ್ಲ. ಕೊನೆಗೂ ನನ್ನ ಸರದಿ ಬಂತೆಂದು ಕೈ ಚಾಚಿದೆ.

ಅಕ್ಕ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಬುಡ್ಲಾ. ನಿನ್ ಕಣ್ಣು ಈಗ್ಲೂ ಟಗರಿನ ಮ್ಯಾಲೇ ಅದೆ" ಎಂದವಳೇ ತುದಿಯನ್ನು, ಮೊಮ್ಮಗಳೇ, ನಿನ್ನ ಕೈಗೆ ಕೊಟ್ಟಳು. ನೀನು ಒಂದೊಂದೇ ಹೆಜ್ಜೆ ನೋಡಿಕೊಂಡು ನಡೆದೆ. "ದೊಡ್ಡಜ್ಜಿ, ನಿಂತ್ಕೋ! ಇಲ್ಲಿ ಮರಿ ಇದೆ!" ಎಂದು ಮೊದಲು ಕೂಗಿದವಳೂ ನೀನೇ.

ನಾನು ಬೇಲಿಯಾಚೆ ನನ್ನ ಈಗಿನ ಟಗರಿನ ಪಕ್ಕ ನಿಂತಿದ್ದೆ. ಯಾರೂ ನೋಡುತ್ತಿಲ್ಲ ಎಂದು ಖಾತ್ರಿ ಮಾಡಿಕೊಂಡು, ಬೆಳಿಗ್ಗೆಯೇ ಟಗರಿನ ಕೊರಳಿಗೆ ಹಾಕಿಟ್ಟಿದ್ದ ಚೆಂಡುಹೂವಿನ ಹಾರವನ್ನು ಮೆಲ್ಲಗೆ ಬಿಚ್ಚಿದೆ.